ದೋಆಬದ ನೀರೂ ಮಕ್ಕಳ ಎಲುಬೂ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಮ್ಮ ಹಿರಿಯರು ಹುಡುಗರ ನಡತೆಯನ್ನು ಕುರಿತು ಆಡುವುದು ವಾಡಿಕೆ. ಇದೇ ಭಾವವನ್ನು ಎಲುಬಿಗೆ ಅನ್ವಯಿಸಿ ಹೇಳಿದವನೊಬ್ಬ ಫ್ರಾನ್ಸ್ ದೇಶದಲ್ಲಿದ್ದನು. ನಿಕೊಲಾ ಆಂದ್ರಿ ಎಂಬ ಈ ಪ್ಯಾರಿಸ್ ವೈದ್ಯ ಎಂಬತ್ತು ದಾಟಿದ ವಯಸ್ಸಿನಲ್ಲಿ, ೧೭೪೧ರಲ್ಲಿ, ಮಕ್ಕಳ ಅಂಗವಕ್ರತೆಯನ್ನು ತಡೆಯುವ ಮತ್ತು ತಿದ್ದುವ ಬಗೆಯನ್ನು ಕುರಿತು ಒಂದು ಪುಸ್ತಕ ಬರೆದನು. ಗ್ರೀಕಿನಲ್ಲಿ ‘ನೇರ’ ಎಂಬರ್ಥದ ಒಂದು ಮಾತನ್ನೂ ‘ಮಗು’ ಎಂಬರ್ಥದ ಇನ್ನೊಂದು ಮಾತನ್ನೂ ಕೂಡಿಸಿ ಅದಕ್ಕೆ ‘ಆರ್ಥೊಪೆಡಿ’ ಎಂದು ಹೆಸರಿಟ್ಟನು. ಇಂದು ಮೊಣಕಾಲು ನೋವಿನ ಮುದುಕರೂ ಕಾಲು ಮುರಿದ ಆಟಗಾರರೂ ಹೋಗಿ ಕೂಡುವ ಆರ್ಥೊಪೆಡಿಕ್ ವಿಭಾಗದ ಬಾಗಿಲಮೇಲಿನ ಹೆಸರು ಹುಟ್ಟಿದ್ದು ಮಕ್ಕಳಿಗಾಗಿ ಎಂಬುದನ್ನು ಎಷ್ಟೋ ಜನ ಬಲ್ಲರೋ ಕಾಣೆ.

ಆ ಪುಸ್ತಕದಲ್ಲೊಂದು ಚಿತ್ರವುಂಟು. ಸೊಟ್ಟಗೆ ಬೆಳೆದ ಎಳೆಯ ಮರವೊಂದನ್ನು ನೆಟ್ಟನೆಯ ಗೂಟಕ್ಕೆ ಹಗ್ಗದಿಂದ ಸುತ್ತಿ ಬಿಗಿದಿದೆ. ಲೋಕದ ಎಲುಬುವೈದ್ಯರ ಸಂಘಗಳು ಇಂದಿಗೂ ಇದನ್ನೇ ತಮ್ಮ ಲಾಂಛನವಾಗಿ ಬಳಸುತ್ತಿವೆ. ಚಿತ್ರವೇನೋ ಅರ್ಥವತ್ತಾಗಿದೆ. ಆದರೆ ರಾಯಚೂರಿನ ಕಡೆಯವರು ಅದನ್ನು ನೋಡಿದಾಗ ಕೇಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ: ಈ ಗಿಡದ ಬೇರಿಗೆ ಎರೆದ ನೀರು ಯಾವುದು?

ಪ್ರಶ್ನೆ ವಿಚಿತ್ರವಾಗಿ ತೋರೀತು. ಅದು ಹುಟ್ಟಿದ ನೆಲವನ್ನು ನೋಡಿದರೆ ಹಾಗೆ ತೋರದು.

ರಾಯಚೂರು ಸೀಮೆಗೆ ದೋಆಬ್ ಎಂಬ ಹೆಸರು ಬಂದದ್ದೇ ನೀರಿನಿಂದ. ಪಾರಸಿಯಲ್ಲಿ ‘ದೋ’ ಎಂದರೆ ಎರಡು, ‘ಆಬ್’ ಎಂದರೆ ನೀರು. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ದೇವದುರ್ಗದ ಸೀಮೆ ಕೃಷ್ಣೆಯ ದಂಡೆಗೆ ಒರಗಿದೆ; ಜಗನ್ನಾಥದಾಸರ ಮಾನ್ವಿ ತುಂಗಭದ್ರೆಯ ಕಡೆಗಿದೆ. ಈ ನಡುನಾಡಿಗಾಗಿ ನಡೆದ ಕಾದಾಟಗಳಿಗೆ ಲೆಕ್ಕವಿಲ್ಲ. ವಿಜಯನಗರಕ್ಕೂ ಬಹಮನಿಗಳಿಗೂ ತಲೆಮಾರುಗಳ ಕಾಲ ಇದೇ ಜಗಳ. ೧೫೨೦ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದದ್ದು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಮುಂದೆ ನಿಜಾಮನ ಆಳಿಕೆ. ೧೮೫೩ರಲ್ಲಿ ಸಾಲದ ಬಾಬ್ತು ಇಂಗ್ಲಿಷರ ಕೈಗೆ. ೧೮೬೦ರಲ್ಲಿ ಮರಳಿ ನಿಜಾಮನಿಗೆ. ೧೯೪೮ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿ, ೧೯೫೬ರ ನವೆಂಬರ್ ೧ರಂದು ರಾಯಚೂರು ಕನ್ನಡನಾಡಿಗೆ ಬಂದಿತು. ಎರಡು ಹೊಳೆಗಳ ನಡುವಣ ನೆಲವೆಂದು ರಾಜರು ಬಡಿದಾಡಿದರು. ಆದರೆ ಹೊಳೆಯಿಂದ ನಾಲ್ಕು ಹರಿದಾರಿ ಒಳಗಿರುವ ಹಳ್ಳಿಯ ತಾಯಿ ಕೊಡ ತುಂಬುತ್ತಿದ್ದುದು ಹೊಳೆಯಿಂದಲ್ಲ, ಬಾವಿಯಿಂದ.

ಬಾವಿಯ ನೀರಿನ ಗುಣ ಬಂಡೆಯ ಗುಣವನ್ನು ಹಿಂಬಾಲಿಸುತ್ತದೆ. ರಾಯಚೂರಿನ ಕೋಟೆಗುಡ್ಡವನ್ನು ನೋಡಿದವರಿಗೆ ಈ ಸೀಮೆಯ ನೆಲದೊಳಗೆ ಏನಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಬಹುಮಟ್ಟಿಗೆ ಇದು ಗ್ರಾನೈಟ್ ಜಾತಿಯ ಪುರಾತನ ಶಿಲೆಯ ನಾಡು. ಈ ಶಿಲೆಯಲ್ಲಿರುವ ಕಾಗೆಬಂಗಾರ ಮೊದಲಾದ ಖನಿಜಗಳಲ್ಲಿ ಫ್ಲೋರೈಡು ಅಡಗಿರುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ನೆಲದೊಳಗಿನ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ತಂಗಿ ಆ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಇಳಿಸುತ್ತದೆ. ಸುಣ್ಣ ಕಡಿಮೆಯಾಗಿ ಕ್ಷಾರ ಹೆಚ್ಚಾದಲ್ಲಿ ಫ್ಲೋರೈಡು ನೀರಿನಲ್ಲಿಯೇ ಉಳಿಯುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೊಡದಲ್ಲಿ ತಿಳಿಯಾಗಿ ನಿಂತ ನೀರನ್ನು ನೋಡಿ ಯಾರೂ ಅನುಮಾನಪಡುವಂತಿಲ್ಲ.

ಒಂದು ಲೀಟರು ನೀರಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡು ಇರಬಹುದು; ಬೇರೆ ನೀರು ಸಿಕ್ಕದಿದ್ದರೆ ಒಂದೂವರೆ ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂಬುದು ಭಾರತದ ಮಾನಕ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ ಒಂದೂವರೆಯೇ. ಮಾನ್ವಿ, ದೇವದುರ್ಗ, ಲಿಂಗಸುಗೂರು ಮೊದಲಾದ ತಾಲ್ಲೂಕುಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಈ ಗೆರೆಯನ್ನು ದಾಟಿದ ನೀರು ಕಂಡುಬಂದಿದೆ. ಇದನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿಗೂ ಎಲುಬಿಗೂ ತಗಲುವ ಬೇನೆಯೇ ಫ್ಲೋರೋಸಿಸ್.

ಈ ಬೇನೆಯ ಗುಟ್ಟು ಹೊರಬಿದ್ದ ಕಥೆ ಒಂದು ಪತ್ತೇದಾರಿ ಕಥೆಯಂತಿದೆ. ೧೯೦೧ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ ಬಂದನು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆ. ದೊಡ್ಡವರಾದ ಮೇಲೆ ಬಂದು ನೆಲಸಿದವರ ಹಲ್ಲುಗಳು ಬೆಳ್ಳಗೆ. ಒಂದೇ ಊರು, ಒಂದೇ ನೀರು. ಆದರೂ ಈ ಭೇದವೇಕೆ? ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಮಾತ್ರ ಈ ಕಲೆ ಮೂಡುತ್ತದೆಂದು ಮೆಕೇ ಊಹಿಸಿದನು. ಕಾರಣ ನೀರಿನಲ್ಲಿದೆಯೆಂದು ಅನುಮಾನಿಸಿದರೂ ಮೂವತ್ತು ವರ್ಷ ಅದು ಕೈಗೆ ಸಿಕ್ಕಲಿಲ್ಲ. ೧೯೩೧ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಅಂಥ ನೀರುಗಳನ್ನು ಪರೀಕ್ಷಿಸಿ ಫ್ಲೋರೈಡನ್ನು ಕಂಡುಹಿಡಿದನು. ಮರುವರ್ಷವೇ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ, ಕ್ರಯೊಲೈಟ್ ಎಂಬ ಫ್ಲೋರೈಡಿನ ಖನಿಜವನ್ನು ಪುಡಿಮಾಡುವ ಕಾರ್ಖಾನೆಯ ಕೂಲಿಗಳ ಎಲುಬುಗಳು ಕ್ಷ-ಕಿರಣದ ಚಿತ್ರದಲ್ಲಿ ಅಸಹಜವಾಗಿ ದಟ್ಟವಾಗಿ ಕಂಡವು. ಹಲ್ಲಿನ ಕಲೆಗೆ ಕಾರಣವಾದ ವಸ್ತು ಎಲುಬನ್ನೂ ಬಿಡುವುದಿಲ್ಲವೆಂದು ಹೀಗೆ ತಿಳಿದುಬಂದಿತು.

ನಮ್ಮ ಕಡೆ ಈ ಸುದ್ದಿಯನ್ನು ಮೊದಲು ಹೇಳಿದವು ದನಗಳು. ೧೯೩೪ರಲ್ಲಿ ಮಹಾಜನ್ ಎಂಬವರು ಹೈದರಾಬಾದ್ ಸಂಸ್ಥಾನದ ಕೆಲವು ಭಾಗಗಳ ದನಗಳಲ್ಲಿ ಇಂಥದೇ ಬೇನೆಯನ್ನು ವರದಿ ಮಾಡಿದರು. ೧೯೩೭ರಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯಲ್ಲಿ ಮನುಷ್ಯರನ್ನು ಪರೀಕ್ಷಿಸಿ, ಬೆನ್ನೆಲುಬು ಕೋಲಿನಂತೆ ಬಿಗಿದು ಕತ್ತು ತಿರುಗಿಸಲಾರದೆ ಬಾಳುತ್ತಿದ್ದವರ ಸ್ಥಿತಿಗೆ ಫ್ಲೋರೈಡೇ ಕಾರಣವೆಂದು ಬರೆದರು. ೧೯೪೫ರಲ್ಲಿ ಡಾವರ್ ಅವರು ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ಹಲ್ಲು, ಬೆನ್ನೆಲುಬುಗಳನ್ನೂ ಕ್ಷ-ಕಿರಣದ ಚಿತ್ರಗಳನ್ನೂ ನೋಡಿ ಒಂದು ಅಧ್ಯಯನ ಪ್ರಕಟಿಸಿದರು; ೧೯೫೫ರಲ್ಲಿ ಸಿದ್ದೀಖಿ ಅವರು ನಲಗೊಂಡ ಜಿಲ್ಲೆಯ ರೋಗಿಗಳ ವಿವರವನ್ನು ಲಂಡನ್ನಿನ ವೈದ್ಯಪತ್ರಿಕೆಯಲ್ಲಿ ಬರೆದರು. ಆಗ ನಲಗೊಂಡವೂ ರಾಯಚೂರೂ ಒಂದೇ ರಾಜ್ಯದ ಜಿಲ್ಲೆಗಳು. ಗಡಿ ಬೇರೆಯಾಯಿತು, ಭಾಷೆ ಬೇರೆ. ಕೆಳಗಿನ ಬಂಡೆ ಮಾತ್ರ ಒಂದೇ ಬಗೆಯದು.

ಅಂದಿನ ವರದಿಗಳಲ್ಲಿ ಹೆಚ್ಚಾಗಿ ಕಾಣುವವರು ನಡುವಯಸ್ಸು ದಾಟಿದವರು. ಹತ್ತಿಪ್ಪತ್ತು ವರ್ಷ ನೀರು ಕುಡಿದು ಬೆನ್ನು ಬಿಗಿದವರು. ಆದುದರಿಂದ ಇದು ಮುದುಕರ ರೋಗವೆಂಬ ಭಾವನೆ ಬಹುಕಾಲ ಉಳಿಯಿತು. ೧೯೭೩ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು ಈ ಭಾವನೆಯನ್ನು ಅಲುಗಿಸಿದರು. ಆಂಧ್ರದ ಫ್ಲೋರೋಸಿಸ್ ಪ್ರದೇಶದಲ್ಲಿ ಅವರು ಕಂಡದ್ದು ಹರೆಯದ ಹುಡುಗರನ್ನು. ನಿಂತರೆ ಎರಡು ಮಂಡಿಗಳೂ ಒಂದಕ್ಕೊಂದು ತಾಕುತ್ತವೆ, ಪಾದಗಳು ದೂರ ನಿಲ್ಲುತ್ತವೆ. ಬೆನ್ನೆಲುಬು ದಟ್ಟವಾಗಿದ್ದರೆ ಕೈಕಾಲಿನ ಎಲುಬು ಟೊಳ್ಳಾಗಿ ಬಡವಾಗಿದೆ. ಇದು ಹಳೆಯ ರೋಗದ ಹೊಸ ಮುಖ.

ಹೊಸ ಮುಖ ಏಕೆ ಬಂದಿತು? ಆ ಸಂಸ್ಥೆಯವರು ಅಣೆಕಟ್ಟಿನ ಕಡೆಗೆ ಬೊಟ್ಟುಮಾಡಿದರು. ನಾಗಾರ್ಜುನಸಾಗರದ ನೀರು ನಿಂತ ಮೇಲೆ ಸುತ್ತಣ ಅಂತರ್ಜಲ ಏರಿತು, ಮಣ್ಣು ಕ್ಷಾರವಾಯಿತು, ಅಲ್ಲಿ ಬೆಳೆದ ಜೋಳದಲ್ಲಿ ಮಾಲಿಬ್ಡಿನಮ್ ಎಂಬ ಲೋಹಾಂಶ ಹೆಚ್ಚಿತು, ಅದು ದೇಹದ ತಾಮ್ರವನ್ನು ಹೊರಹಾಕಿ ಎಲುಬನ್ನು ದುರ್ಬಲಗೊಳಿಸಿತು ಎಂಬುದು ಅವರ ವಾದಸರಣಿ. ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ಮೈಯಲ್ಲಿ ಫ್ಲೋರೈಡು ಹೆಚ್ಚು ಉಳಿಯುತ್ತದೆಂದೂ ಮುಂದೆ ಕಂಡಿತು. ಜೋಳದ ರೊಟ್ಟಿಯ ನಾಡಿನವರಾದ ನಾವು ಇದನ್ನು ಓದಿ ರೊಟ್ಟಿಯನ್ನು ದೂರಬೇಕಾಗಿಲ್ಲ. ನೀರು ಶುದ್ಧವಾಗಿದ್ದಾಗ ಇದೇ ರೊಟ್ಟಿ ತಿಂದು ತಲೆತಲಾಂತರ ಜನ ಗಟ್ಟಿಮುಟ್ಟಾಗಿ ಬಾಳಿದ್ದಾರೆ. ಇಲ್ಲಿ ತಿಳಿಯಬೇಕಾದುದು ಇಷ್ಟೇ: ನೀರು, ಮಣ್ಣು, ಆಹಾರ ಒಂದನ್ನೊಂದು ಹಿಡಿದುಕೊಂಡು ಮಗುವಿನ ಎಲುಬಿನವರೆಗೆ ಬರುತ್ತವೆ.

ಮಗುವಿನ ಎಲುಬೇ ಏಕೆ? ಬೆಳೆದವನ ಎಲುಬು ಕಟ್ಟಿ ಮುಗಿದ ಮನೆ. ಅಲ್ಲಲ್ಲಿ ದುರಸ್ತಿ ಮಾತ್ರ. ಮಗುವಿನ ಎಲುಬು ಕಟ್ಟುತ್ತಿರುವ ಮನೆ. ಸುಣ್ಣ ಬೇಕೆಂದು ಅದು ರಕ್ತದಿಂದ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ಸುಣ್ಣದ ಜತೆಗೆ ಫ್ಲೋರೈಡೂ ಗೋಡೆಯಲ್ಲಿ ಸೇರುತ್ತದೆ. ಮೈಗೆ ಇಳಿದ ಫ್ಲೋರೈಡಿನಲ್ಲಿ ಬೆಳೆದವರು ಸುಮಾರು ಅರ್ಧವನ್ನು ಹೊರಹಾಕಿದರೆ ಎಳೆಯ ಮಕ್ಕಳಲ್ಲಿ ನೂರಕ್ಕೆ ಎಂಬತ್ತರಷ್ಟು ಒಳಗೇ ಉಳಿಯಬಹುದು. ಹಾಲು, ಮೊಟ್ಟೆ, ಸೊಪ್ಪು ಕಾಣದ ಮಗುವಿನಲ್ಲಿ ಪರಿಣಾಮ ಇನ್ನೂ ಕ್ರೂರ. ಒಂದೇ ಕೊಳವೆಬಾವಿಯ ನೀರು ಕುಡಿದರೂ ಉಳ್ಳವರ ಮಗುವಿಗಿಂತ ಇಲ್ಲದವರ ಮಗು ಬೇಗ ಬಾಗುತ್ತದೆ.

ಇಲ್ಲಿ ಇತಿಹಾಸದ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಕೊಳವೆಬಾವಿಯನ್ನು ತೋಡಿದವರು ಕೇಡು ಬಗೆದವರಲ್ಲ. ಹಿಂದೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೆಟ್ಟಿಲಬಾವಿಗೆ ಇಳಿದು ನೀರು ತರುವ ಪದ್ಧತಿಯಿತ್ತು. ಹುಣ್ಣಿನ ಕಾಲುಗಳು ಇಳಿದ ನೀರನ್ನೇ ಎಲ್ಲರೂ ಕುಡಿದು ನಾರುಹುಣ್ಣು ಹರಡುತ್ತಿತ್ತು. ೧೯೬೬-೬೭ರ ಬರಗಾಲದ ನಂತರ ಗಟ್ಟಿ ಬಂಡೆಯನ್ನು ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು. ೧೯೭೦ರ ದಶಕದ ಕೊನೆಯ ಹೊತ್ತಿಗೆ ಇಂಡಿಯಾ ಮಾರ್ಕ್ ೨ ಎಂಬ ಕೈಪಂಪು ಸಿದ್ಧವಾಗಿ ಊರೂರಿಗೆ ಹೋಯಿತು. ಕಾಲರಾ ತಗ್ಗಿತು. ನಾರುಹುಣ್ಣಿನ ಕೊನೆಯ ರೋಗಿ ಭಾರತದಲ್ಲಿ ಕಂಡದ್ದು ೧೯೯೬ರಲ್ಲಿ. ಇದು ಸಣ್ಣ ಸಾಧನೆಯಲ್ಲ. ಆದರೆ ಹುಳುವಿಲ್ಲದ ನೀರನ್ನು ಹುಡುಕಿ ಆಳಕ್ಕೆ ಇಳಿದವರು ಕಲ್ಲಿನ ಉಪ್ಪನ್ನು ಮೇಲಕ್ಕೆ ತಂದರು. ಒಂದು ಬೇನೆಗೆ ಹಾಕಿದ ಮದ್ದು ಇನ್ನೊಂದಕ್ಕೆ ಬಾಗಿಲು ತೆರೆಯಿತು.

ಈಗ ವೈದ್ಯರ ಕೊಠಡಿಗೆ ಬರೋಣ. ಮಂಡಿ ಕೂಡಿದ ಮಗುವನ್ನು ತಾಯಿ ಕರೆತಂದಾಗ ವೈದ್ಯರಿಗೆ ಮೊದಲು ಹೊಳೆಯುವುದು ರಿಕೆಟ್ಸ್. ಅದು ಸಹಜವೇ. ೧೬೫೦ರಲ್ಲಿ ಇಂಗ್ಲೆಂಡಿನ ಗ್ಲಿಸನ್ ಆ ರೋಗವನ್ನು ಕುರಿತು ಗ್ರಂಥ ಬರೆದನು. ೧೯೧೯ರಲ್ಲಿ ಮೆಲನ್‌ಬಿ ಆಹಾರದ ಕೊರತೆಯನ್ನೂ ಅದೇ ವರ್ಷ ಬರ್ಲಿನ್ನಿನ ಹುಲ್ಡ್‌ಶಿನ್‌ಸ್ಕಿ ಬೆಳಕಿನ ಚಿಕಿತ್ಸೆಯ ಗುಣವನ್ನೂ ತೋರಿಸಿದರು. ಆ ರೋಗಕ್ಕೆ ‘ಡಿ’ ಜೀವಸತ್ವವೂ ಸುಣ್ಣದ ಅಂಶವೂ ಮದ್ದು. ಆದರೆ ಬೇಸಗೆಯಲ್ಲಿ ಕಲ್ಲು ಕಾಯುವ ರಾಯಚೂರಿನಲ್ಲಿ, ದಿನವಿಡೀ ಬಯಲಲ್ಲಿ ಆಡುವ ಹಳ್ಳಿಯ ಮಗುವಿನ ಕಾಲು ಬಾಗಿದಾಗ ಬಿಸಿಲಿನ ಕೊರತೆ ಎಂದು ಬರೆದು ಮುಗಿಸುವ ಮೊದಲು ಒಂದು ಗಳಿಗೆ ನಿಲ್ಲಬೇಕು. ಎರಡೂ ರೋಗ ಒಟ್ಟಿಗೆ ಇರುವುದೂ ಉಂಟು.

ಎಲ್ಲ ಬಾಗಿದ ಕಾಲೂ ರೋಗವಲ್ಲ. ಎರಡು ವರ್ಷದೊಳಗೆ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿರುವುದೂ, ಮೂರು ನಾಲ್ಕನೆಯ ವರ್ಷಕ್ಕೆ ಮಂಡಿಗಳು ಕೂಡುವುದೂ, ಏಳರ ಸುಮಾರಿಗೆ ತಾನಾಗಿ ನೆಟ್ಟಗಾಗುವುದೂ ಪ್ರಕೃತಿಯ ಕ್ರಮ. ಆ ವಯಸ್ಸಿನಲ್ಲಿ ತಂದೆತಾಯಿಗಳು ಹೆದರಿ ಪಟ್ಟಿ ಕಟ್ಟಿಸಬೇಕಾಗಿಲ್ಲ. ಏಳು ದಾಟಿದ ಮೇಲೂ ಮಂಡಿಗಳನ್ನು ತಾಕಿಸಿ ನಿಲ್ಲಿಸಿದಾಗ ಎರಡು ಹರಡುಗಳ ನಡುವೆ ಸುಮಾರು ಎಂಟು ಸೆಂಟಿಮೀಟರಿಗಿಂತ ಹೆಚ್ಚು ಅಂತರ ಉಳಿದರೆ, ಒಂದೇ ಕಾಲು ಬಾಗಿದ್ದರೆ, ನೋವಿದ್ದರೆ, ಎತ್ತರ ಕುಂಠಿತವಾಗಿದ್ದರೆ ಆಗ ತಡಮಾಡಬಾರದು. ಅಂಥ ಮಗುವಿನ ತುಟಿಯನ್ನು ಸರಿಸಿ ಹಲ್ಲು ನೋಡಬೇಕು. ಸೀಮೆಸುಣ್ಣದಂಥ ಬಿಳಿಯ ಗೆರೆ, ಹಳದಿ ಅಥವಾ ಕಂದು ಪಟ್ಟೆ ಅಡ್ಡಡ್ಡವಾಗಿ ಇದ್ದರೆ ಆ ಮನೆಯ ನೀರನ್ನು ಪರೀಕ್ಷೆಗೆ ಕಳುಹಿಸಬೇಕು. ಮೂತ್ರದಲ್ಲಿ ಫ್ಲೋರೈಡು ಅಳೆಯುವ ಪರೀಕ್ಷೆಯುಂಟು. ವಯಸ್ಸು ಬೆಳೆದವರಲ್ಲಿ ಮುಂಗೈಯ ಎರಡು ಎಲುಬುಗಳ ನಡುವಣ ಪೊರೆಯಲ್ಲಿ ಸುಣ್ಣ ಕಟ್ಟಿರುವುದು ಕ್ಷ-ಕಿರಣದ ಚಿತ್ರದಲ್ಲಿ ಕಾಣುತ್ತದೆ.

ಶಾಲೆಯ ಆಟದ ಮೇಷ್ಟರು ಈ ಕೆಲಸದಲ್ಲಿ ವೈದ್ಯರಿಗಿಂತ ಮುಂದಿರಬಲ್ಲರು. ಖೋಖೋದಲ್ಲಿ ಕುಕ್ಕರಿಸಿ ಕೂರಲಾರದ ಹುಡುಗ, ಕಬಡ್ಡಿಯಲ್ಲಿ ಬಗ್ಗಿ ಗೆರೆ ಮುಟ್ಟಲಾರದ ಹುಡುಗಿ ಮೊದಲು ಅವರ ಕಣ್ಣಿಗೆ ಬೀಳುತ್ತಾರೆ. ಮಂಡಿ ಮಡಿಸದೆ ನೆಲದ ಮೇಲಿನ ನಾಣ್ಯ ತೆಗೆಯುವುದು, ಗದ್ದವನ್ನು ಎದೆಗೆ ಮುಟ್ಟಿಸುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಹಿಡಿಯುವುದು, ಈ ಮೂರು ಸರಳ ಪರೀಕ್ಷೆಗಳಿಗೆ ಆಸ್ಪತ್ರೆ ಬೇಕಿಲ್ಲ. ಇವನ್ನು ಮಾಡಲಾರದ ಮಗುವನ್ನು ಸೋಮಾರಿಯೆಂದು ಗದರಿಸುವುದು ಅನ್ಯಾಯ. ಇಂಥ ಮಗು ಬಿದ್ದಾಗ ಎಲುಬು ಮುರಿಯುವ ಭಯವೂ ಹೆಚ್ಚು. ಫ್ಲೋರೈಡು ತುಂಬಿದ ಎಲುಬು ದಟ್ಟವಾಗಿ ಕಂಡರೂ ಗಟ್ಟಿಯಲ್ಲ. ಅಮೆರಿಕದಲ್ಲಿ ಎಲುಬು ಸವೆದ ವೃದ್ಧೆಯರಿಗೆ ಔಷಧವಾಗಿ ಫ್ಲೋರೈಡು ಕೊಟ್ಟು ನೋಡಿದ ಒಂದು ಪ್ರಯೋಗದ ಫಲ ೧೯೯೦ರಲ್ಲಿ ಪ್ರಕಟವಾಯಿತು: ಬೆನ್ನೆಲುಬಿನ ಸಾಂದ್ರತೆ ಬಹಳ ಏರಿತು, ಆದರೆ ಕೈಕಾಲುಗಳ ಎಲುಬು ಮುರಿಯುವುದು ಕಡಿಮೆಯಾಗುವ ಬದಲು ಹೆಚ್ಚಾಯಿತು. ಆದುದರಿಂದ ಸಣ್ಣ ಪೆಟ್ಟಿಗೆ ಎಲುಬು ಮುರಿದುಕೊಂಡು ಬಂದ ಮಗುವಿಗೆ ಪಟ್ಟು ಹಾಕಿ ಕಳುಹಿಸಿದರೆ ಕೆಲಸ ಅರ್ಧವಾದಂತೆ.

ಶಸ್ತ್ರಚಿಕಿತ್ಸೆಗೆ ಬಂದರೆ, ಆಂದ್ರಿಯ ಗೂಟಕ್ಕೆ ಇಂದು ಹೊಸ ರೂಪ ಬಂದಿದೆ. ೧೯೪೯ರಲ್ಲಿ ಅಮೆರಿಕದ ಬ್ಲೌಂಟ್ ಎಂಬ ವೈದ್ಯ ಎಲುಬಿನ ಬೆಳೆಯುವ ಪದರದ ಒಂದು ಪಕ್ಕಕ್ಕೆ ಲೋಹದ ಕೊಂಡಿ ಹಾಕಿ, ಆ ಕಡೆಯ ಬೆಳವಣಿಗೆಯನ್ನು ತಡೆದು, ಇನ್ನೊಂದು ಕಡೆ ಬೆಳೆದು ಕಾಲು ತಾನೇ ನೇರವಾಗುವ ಉಪಾಯ ತೋರಿಸಿದನು. ಈಗ ಅದೇ ತತ್ತ್ವದ ಮೇಲೆ ಎರಡು ತಿರುಪಿನ ಪುಟ್ಟ ತಗಡು ಬಂದಿದೆ. ಮಗು ಬೆಳೆಯುತ್ತಿರುವಾಗ ಮಾತ್ರ ಇದು ಫಲಿಸುವುದು. ಹರೆಯ ಮುಗಿದು ಆ ಪದರ ಮುಚ್ಚಿದ ಮೇಲೆ ಎಲುಬನ್ನೇ ಕತ್ತರಿಸಿ ಕೂಡಿಸಬೇಕು. ೨೦೦೭ರಲ್ಲಿ ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ವಿದ್ಯಾಸಂಸ್ಥೆ ಸ್ಥಾಪನೆಯಾಯಿತು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಲ್ಲಿಯೇ ಮಕ್ಕಳನ್ನು ಪರೀಕ್ಷಿಸುವ ವ್ಯವಸ್ಥೆ ಮಾಡಿತು. ದಾರಿಯೇನೋ ತೆರೆದಿದೆ. ಆದರೆ ದೇವದುರ್ಗದ ಹಳ್ಳಿಯ ಮಗುವಿಗೆ ರಾಯಚೂರಿನಲ್ಲಿ ತಗಡು ಕೂಡಿಸಿ, ಅದೇ ಕೊಳವೆಬಾವಿಯ ನೀರಿಗೆ ಮರಳಿ ಕಳುಹಿಸಿದರೆ ಏನಾಗುತ್ತದೆ? ಎಲುಬಿನ ರಸಾಯನ ಸರಿಯಾಗದೆ ಎಲುಬನ್ನು ನೇರ ಮಾಡಿದರೆ ಅದು ಮತ್ತೆ ಬಾಗುತ್ತದೆಂಬುದು ರಿಕೆಟ್ಸ್ ಕಲಿಸಿದ ಹಳೆಯ ಪಾಠ. ಇಲ್ಲಿಯೂ ಅದೇ. ಗೂಟವನ್ನು ಎಷ್ಟು ನೆಟ್ಟಗೆ ನೆಟ್ಟರೂ ಬೇರಿನ ನೀರು ಬದಲಾಗದೆ ಗಿಡ ನೆಟ್ಟಗಾಗದು.

ನೀರನ್ನು ಬದಲಿಸುವ ಬಗೆ ತಿಳಿಯದ ವಿದ್ಯೆಯಲ್ಲ. ೧೯೭೦ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆ ಸುಣ್ಣ ಮತ್ತು ಪಟಿಕವನ್ನು ಬಳಸಿ ಫ್ಲೋರೈಡನ್ನು ತಳಕ್ಕಿಳಿಸುವ ವಿಧಾನವನ್ನು ರೂಪಿಸಿತು. ಅದರ ಹೆಸರೇ ‘ನಲಗೊಂಡ ವಿಧಾನ’. ಈಗ ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕಗಳು ಬಂದಿವೆ. ಘಟಕ ಕೆಟ್ಟು ನಿಂತ ದಿನ ಮಾತ್ರ ಮತ್ತೆ ಹಳೆಯ ಪಂಪೇ ಗತಿ. ಕಾಸಿದರೆ ಫ್ಲೋರೈಡು ಹೋಗುವುದಿಲ್ಲವೆಂಬುದನ್ನು ತಾಯಂದಿರು ತಿಳಿಯಬೇಕು. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಕುಡಿಯುವುದಕ್ಕೆ ಮಾತ್ರವಲ್ಲ, ಬೇಳೆ ಬೇಯಿಸುವುದಕ್ಕೂ ಒಳ್ಳೆಯ ನೀರೇ ಬೇಕು. ೨೦೧೩ರಲ್ಲಿ ಶಾಲೆಗೆ ಕ್ಷೀರಭಾಗ್ಯದ ಹಾಲು ಬಂದಿತು; ೨೦೨೧ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿ ಕೆಲವು ಜಿಲ್ಲೆಗಳ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಬಂದಿತು. ಆ ಲೋಟವೂ ಆ ಮೊಟ್ಟೆಯೂ ಇಲ್ಲಿ ಎಲುಬಿನ ಮದ್ದೇ ಎಂದು ತಿಳಿಯಬೇಕು.

ಕೊನೆಯ ಪರಿಹಾರ ಮಾತ್ರ ಹೊಳೆಯೇ. ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆ ಮಾನ್ವಿಯ ಗದ್ದೆಗಳಿಗೆ ಹರಿಯುತ್ತದೆ; ನಾರಾಯಣಪುರದ ಬಲದಂಡೆಯ ಕಾಲುವೆ ದೇವದುರ್ಗದ ಕಡೆ ಬಂದಿದೆ. ಹರಿಯುವ ನೀರಿನಲ್ಲಿ ಈ ಉಪ್ಪು ಅಲ್ಪ. ಗದ್ದೆಗೆ ಬಂದ ಹೊಳೆಯನ್ನು ಸೋಸಿ ಶುದ್ಧಮಾಡಿ ಪ್ರತಿ ಮನೆಯ ಬಿಂದಿಗೆಗೂ ಮುಟ್ಟಿಸುವುದೇ ದೋಆಬದ ಎಲುಬುವೈದ್ಯದ ಮೊದಲ ಅಧ್ಯಾಯ. ಎರಡು ನೀರಿಗಾಗಿ ರಾಜರು ಕಾದಿದ ನಾಡಿನಲ್ಲಿ, ಒಂದು ಲೋಟ ಒಳ್ಳೆಯ ನೀರಿಗಾಗಿ ಮಗು ಕಾಯಬಾರದು.

ನಮ್ಮ ಕಾಲೇಜಿಗೆ ಹಳ್ಳಿಗಳಿಂದ ಬರುವ ಹುಡುಗಿಯರಲ್ಲಿ ಕೆಲವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಅದನ್ನು ನಾನು ಬಹುಕಾಲ ನಾಚಿಕೆಯ ಸ್ವಭಾವವೆಂದೇ ತಿಳಿದಿದ್ದೆ. ಅದು ಹಲ್ಲಿನ ಕಲೆಯನ್ನು ಮುಚ್ಚುವ ಕೈಯೆಂದು ತಿಳಿದದ್ದು ತಡವಾಗಿ. ಮೂಡಿದ ಕಲೆ ತಾನಾಗಿ ಅಳಿಯದು. ಆದರೆ ಆ ಹುಡುಗಿಯ ಮನೆಯಲ್ಲಿ ತಮ್ಮನೋ ತಂಗಿಯೋ ಇರುತ್ತಾರೆ; ಅವರ ಹಲ್ಲು ಇನ್ನೂ ದವಡೆಯೊಳಗಿದೆ, ಎಲುಬು ಇನ್ನೂ ಹಸಿಯಾಗಿದೆ. ಅಕ್ಕನ ಹಲ್ಲನ್ನು ನೋಡಿ ತಮ್ಮನ ನೀರನ್ನು ಬದಲಿಸಿದರೆ ಅವನ ಕಾಲಿಗೆ ಗೂಟವೇ ಬೇಕಾಗುವುದಿಲ್ಲ.